ಗ್ರಂಥಸಂಪಾದಕನ ಮೇಜು: ಗಣಕಯಂತ್ರ ಮತ್ತು ಎರಡು ತೆರೆಗಳ ವಿನ್ಯಾಸ

೧. ವಿಷಯದ ಸ್ವರೂಪ

ಗ್ರಂಥಸಂಪಾದನೆಯನ್ನು ಕುರಿತ ಚರ್ಚೆಗಳು ಬಹುಮಟ್ಟಿಗೆ ಪ್ರತಿಗಳನ್ನೂ ಪಾಠಾಂತರಗಳನ್ನೂ ಅವುಗಳ ಪರಸ್ಪರ ಸಂಬಂಧವನ್ನೂ ಕುರಿತವಾಗಿರುವುದು ಸಹಜವೇ ಆಗಿದೆ. ಪ್ರತಿಯನ್ನು ತೆಗೆದವನು ಎಲ್ಲಿ ಕುಳಿತಿದ್ದನು, ಮೂಲವು ಅವನಿಗೆ ಯಾವ ಕಡೆಗಿತ್ತು, ಅವನು ಬರೆಯುತ್ತಿದ್ದ ಗರಿ ಅಥವಾ ಹಾಳೆಯು ಅದರಿಂದ ಎಷ್ಟು ದೂರದಲ್ಲಿತ್ತು ಎಂಬ ಪ್ರಶ್ನೆಗಳು ಅಷ್ಟಾಗಿ ಏಳುವುದಿಲ್ಲ. ಆದರೆ ಹಸ್ತಪ್ರತಿಗಳಲ್ಲಿ ಕಂಡುಬರುವ ಸ್ಖಾಲಿತ್ಯಗಳಲ್ಲಿ ಅನೇಕವು ಅಜ್ಞಾನದಿಂದಾಗಲಿ ಬುದ್ಧಿಪೂರ್ವಕವಾಗಿಯಾಗಲಿ ಹುಟ್ಟಿದುವಲ್ಲ. ಕಣ್ಣು ಮೂಲದಿಂದ ನಕಲಿಗೂ ನಕಲಿನಿಂದ ಮೂಲಕ್ಕೂ ಹೋಗಿ ಬರುವ ದಾರಿಯಲ್ಲಿ ಹುಟ್ಟಿದುವು. ಈಚೆಗೆ ಓಲೆಗರಿಗಳ ಚಿತ್ರಗಳನ್ನು ಗಣಕಯಂತ್ರದಲ್ಲಿಟ್ಟುಕೊಂಡು ಓದಿ ಅಲ್ಲಿಯೇ ಅಕ್ಷರಗಳನ್ನು ಜೋಡಿಸುವ ಪದ್ಧತಿಯು ಬಳಕೆಗೆ ಬಂದಿರುವುದರಿಂದ, ಆ ದಾರಿಯು ಗಾಜಿನ ತೆರೆಯ ಮೇಲೆ ಸಾಗುತ್ತಿದೆ. ದಾರಿ ಬದಲಾದರೂ ಕಣ್ಣು ಬದಲಾಗಿಲ್ಲ. ಹೀಗಿರಲು ಮೇಜಿನ ಮೇಲೆ ಯಂತ್ರವನ್ನೂ ಅದರ ಎರಡು ತೆರೆಗಳನ್ನೂ ಹೇಗೆ ಇಡತಕ್ಕದ್ದು ಎಂಬುದು ಕೇವಲ ಅನುಕೂಲದ ಮಾತಲ್ಲ. ಪಾಠಶುದ್ಧಿಗೆ ಸೇರಿದ ಮಾತೂ ಅಹುದು. ಅದನ್ನು ಸೋಪಪತ್ತಿಕವಾಗಿ ವಿವರಿಸುವುದೇ ಈ ಲೇಖನದ ಉದ್ದೇಶ.

೨. ತುಮಕೂರು ಸೀಮೆಯ ನಿದರ್ಶನ

ಈ ವಿಚಾರಕ್ಕೆ ತುಮಕೂರು ಸೀಮೆಯು ಒಳ್ಳೆಯ ನಿದರ್ಶನವಾಗಿದೆ. ಬಿ. ಎಲ್. ರೈಸ್ ಅವರು ೧೯೦೪ರಲ್ಲಿ ಪ್ರಕಟಿಸಿದ 'ಎಪಿಗ್ರಾಫಿಯ ಕರ್ನಾಟಿಕ'ದ ಹನ್ನೆರಡನೆಯ ಸಂಪುಟವು ಈ ಜಿಲ್ಲೆಯ ಶಾಸನಗಳಿಗೇ ಮೀಸಲಾದುದು. ೧೫೧೩ರಲ್ಲಿ 'ಭಾವಚಿಂತಾರತ್ನ'ವನ್ನೂ ೧೫೩೦ರಲ್ಲಿ 'ವೀರಶೈವಾಮೃತ ಪುರಾಣ'ವನ್ನೂ ರಚಿಸಿದ ಮಲ್ಲಣಾರ್ಯನು ಗುಬ್ಬಿಯವನು. ೭೦೧ ವಚನಗಳ ಕರ್ತೃವಾದ ತೋಂಟದ ಸಿದ್ಧಲಿಂಗಯತಿಗಳ ಗದ್ದುಗೆಯಿರುವ ಎಡೆಯೂರು ಕುಣಿಗಲ್ ತಾಲ್ಲೂಕಿಗೆ ಸೇರಿದುದು. ೧೯೪೯ರಲ್ಲಿ 'ವಡ್ಡಾರಾಧನೆ'ಯನ್ನು ಸಂಪಾದಿಸಿಕೊಟ್ಟವರೂ, ಕನ್ನಡದಲ್ಲಿ ಗ್ರಂಥಸಂಪಾದನಶಾಸ್ತ್ರವನ್ನು ವಿಸ್ತಾರವಾಗಿ ನಿರೂಪಿಸಿದವರೂ ಆದ ಡಿ. ಎಲ್. ನರಸಿಂಹಾಚಾರ್ಯರು (೧೯೦೬–೧೯೭೧) ಇದೇ ಜಿಲ್ಲೆಯ ಚಿಕ್ಕನಾಯಕನಹಳ್ಳಿಯವರು. ಶಾಸನ, ಪುರಾಣಕಾವ್ಯ, ವಚನ ಎಂಬ ಮೂರು ಬಗೆಯ ಪಠ್ಯಗಳೂ, ಅವನ್ನು ತಿದ್ದುವ ಶಾಸ್ತ್ರವನ್ನು ಬೋಧಿಸಿದ ವಿದ್ವಾಂಸರೂ ಒಂದೇ ಸೀಮೆಯಲ್ಲಿ ಒದಗಿರುವುದು ಗಮನಾರ್ಹವಾಗಿದೆ.

ತುಮಕೂರು ನಗರದಿಂದ ಕುಣಿಗಲ್ಲಿಗೆ ಹೋಗುವ ರಸ್ತೆಯ ಕಡೆಗೆ ಮರಳೂರು ಇದೆ. ಹಿಂದೆ ಬೇರೆ ಹಳ್ಳಿಯಾಗಿ ತನ್ನ ಕೆರೆಯೊಡನೆ ಇದ್ದ ಈ ಊರು ಈಗ ನಗರಕ್ಕೆ ಸೇರಿಹೋಗಿದೆ. ೧೯೭೯ರಲ್ಲಿ ಸ್ಥಾಪಿತವಾದ ಶ್ರೀ ಸಿದ್ಧಾರ್ಥ ತಾಂತ್ರಿಕ ವಿದ್ಯಾಲಯವು ಇಲ್ಲಿಯೇ ಇರುವುದರಿಂದ, ಯಂತ್ರವನ್ನು ಬಲ್ಲವರೂ ಗ್ರಂಥವನ್ನು ಬಲ್ಲವರೂ ಒಂದೇ ಬೀದಿಯಲ್ಲಿ ನೆರೆಹೊರೆಯವರಾಗಿರಬಹುದಾದ ಊರು ಇದು. ಮರಳೂರಿನ ಒಂದು ಸಾಮಾನ್ಯ ಮನೆಯಲ್ಲಿ, ಹತ್ತು ಅಡಿ ಉದ್ದಗಲದ ಒಂದು ಕೋಣೆಯಲ್ಲಿ, ಸಾಹಿತ್ಯದ ಅಧ್ಯಾಪಕನೊಬ್ಬನು ವಚನಗಳ ಒಂದು ಓಲೆಗರಿಯ ಕಟ್ಟನ್ನು ಚಿತ್ರರೂಪದಲ್ಲಿ ಪಡೆದು ಸಂಪಾದಿಸಲು ಕುಳಿತಿರುವನೆಂದು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ಅವನಲ್ಲಿ ಒಂದು ಮೇಜು, ಒಂದು ಗಣಕಯಂತ್ರ, ಎರಡು ತೆರೆಗಳು ಉಂಟು. ಸಾಧಾರಣವಾಗಿ ಆತನು ಮಾಡುವ ಮೊದಲ ಕೆಲಸವೆಂದರೆ ಎರಡು ತೆರೆಗಳನ್ನೂ ಅಕ್ಕಪಕ್ಕದಲ್ಲಿಟ್ಟು, ಎಡಗಡೆಯದರಲ್ಲಿ ಗರಿಯ ಚಿತ್ರವನ್ನೂ ಬಲಗಡೆಯದರಲ್ಲಿ ತನ್ನ ಬರವಣಿಗೆಯನ್ನೂ ತೆರೆದುಕೊಳ್ಳುವುದು. ನೋಡುವುದಕ್ಕೆ ಇದು ಅತ್ಯಂತ ಸಹಜವಾದ ಕ್ರಮ. ಆದರೆ ಓಲೆಗರಿಯ ಕೆಲಸಕ್ಕೆ ಇದೇ ಅತ್ಯಂತ ಅಪಾಯಕರವಾದ ಕ್ರಮವೆಂಬುದು ಮುಂದೆ ಸ್ಪಷ್ಟಪಡುವುದು.

೩. ಕಣ್ಣು ಜಾರುವ ಬಗೆ

ಪ್ರತಿ ಮಾಡುವವನು ಮೂಲದಲ್ಲಿ ನಾಲ್ಕಾರು ಅಕ್ಷರಗಳನ್ನು ಓದಿ, ಮನಸ್ಸಿನಲ್ಲಿ ಹಿಡಿದುಕೊಂಡು, ನಕಲಿನ ಕಡೆಗೆ ತಿರುಗಿ, ಬರೆದು, ಮರಳಿ ಮೂಲದಲ್ಲಿ ತಾನು ಬಿಟ್ಟ ಸ್ಥಳವನ್ನು ಹುಡುಕುತ್ತಾನೆ. ಹುಡುಕುವುದು ಸ್ಥಳವನ್ನಲ್ಲ, ತಾನು ಕಡೆಗೆ ಬರೆದ ಮಾತನ್ನು. ಅದೇ ಮಾತು ಮೂಲದಲ್ಲಿ ಎರಡು ಕಡೆ ಇದ್ದರೆ ಕಣ್ಣು ಎರಡನೆಯದರ ಮೇಲೆ ಬಿದ್ದರೂ ಬೀಳಬಹುದು. ಆಗ ನಡುವಣ ಭಾಗವೆಲ್ಲ ಸದ್ದಿಲ್ಲದೆ ಲೋಪವಾಗುತ್ತದೆ. ಹಿಂದಿನದರ ಮೇಲೆ ಬಿದ್ದರೆ ಒಂದು ಭಾಗವು ಎರಡು ಸಲ ಬರುತ್ತದೆ. ಎರಡು ಸಲ ಬಂದುದನ್ನು ಮುಂದಿನ ಓದುಗನು ಗುರುತಿಸಬಲ್ಲನು. ಬಿಟ್ಟುಹೋದುದು ಅವನಿಗೆ ಕಾಣುವುದೇ ಇಲ್ಲ.

ಕನ್ನಡದ ಪಠ್ಯಗಳಲ್ಲಿ ಇದಕ್ಕೆ ಅವಕಾಶವು ವಿಶೇಷವಾಗಿ ಉಂಟು. ವಚನಗಳನ್ನೇ ತೆಗೆದುಕೊಳ್ಳುವುದಾದರೆ, ಒಬ್ಬ ವಚನಕಾರನ ಪ್ರತಿಯೊಂದು ವಚನವೂ ಒಂದೇ ಅಂಕಿತದಿಂದ ಮುಗಿಯುತ್ತದೆ. ಗರಿಯ ಮೇಲಾದರೋ ವಚನಗಳು ಮುದ್ರಿತ ಪುಸ್ತಕದಲ್ಲಿರುವಂತೆ ಬಿಡಿಬಿಡಿಯಾಗಿರದೆ, ಪದಗಳ ನಡುವೆ ತೆರಪಿಲ್ಲದೆ, ಒಂದರ ಬೆನ್ನಿಗೊಂದು ಸಾಲಾಗಿ ಹರಿಯುತ್ತವೆ. ಅಂಕಿತವನ್ನು ಬರೆದು ಮುಗಿಸಿದವನು ಮೂಲಕ್ಕೆ ಮರಳಿದಾಗ, ಅವನ ಕಣ್ಣಿಗೆ ಅದೇ ಗರಿಯಲ್ಲಿ ಅದೇ ಅಂಕಿತವು ಎರಡು ಮೂರು ಕಡೆ ಕಾಣಿಸುವುದು. ತಪ್ಪಿದ ಅಂಕಿತದಿಂದ ಮುಂದುವರಿದನೆಂದರೆ ಒಂದು ಇಡೀ ವಚನವೇ ಹೋಯಿತು. ವಾಕ್ಯದ ನಡುವೆ ಲೋಪವಾದರೆ ಅನ್ವಯವು ಕೆಟ್ಟು ತಪ್ಪು ತಾನಾಗಿ ಹೊರಬೀಳಬಹುದು. ಅಂಕಿತದಿಂದ ಅಂಕಿತಕ್ಕೆ ಹಾರಿದರೆ ಹಿಂದಿನ ವಚನವೂ ಪೂರ್ಣ, ಮುಂದಿನ ವಚನವೂ ಪೂರ್ಣ. ಅನುಮಾನಕ್ಕೆ ಎಡೆಯೇ ಇಲ್ಲ. ಎಣಿಕೆಯೊಂದೇ ಅಲ್ಲಿ ಸಾಕ್ಷಿ. ಷಟ್ಪದಿಗಳಲ್ಲಿ ಆದಿಪ್ರಾಸದ ಅಕ್ಷರವು ಪಾದಪಾದಕ್ಕೂ ಮರುಕಳಿಸುವುದರಿಂದ, ಪಾದಗಳ ಆರಂಭದಲ್ಲಿಯೂ ಇಂತಹುದೇ ಭ್ರಾಂತಿಗೆ ಆಸ್ಪದವಿದೆ. ಶಾಸನಗಳಲ್ಲಿ ಬಿರುದಾವಳಿಯೂ ಶಾಪಾಶಯದ ವಾಕ್ಯಗಳೂ ಇದೇ ಬಗೆಯವು.

ಈ ದೋಷವು ಹುಟ್ಟುವುದು ಕಣ್ಣು ಮೂಲವನ್ನು ಬಿಟ್ಟು ಹೋದಾಗ. ಅದು ದೂರ ಹೋದಷ್ಟೂ, ಹೊರಗೆ ಕಳೆದ ಹೊತ್ತು ಹೆಚ್ಚಿದಷ್ಟೂ, ಮರಳುವಾಗ ಸ್ಥಳವು ತಪ್ಪುವ ಸಂಭವವು ಹೆಚ್ಚು. ಇಷ್ಟನ್ನು ಒಪ್ಪಿದ ಪಕ್ಷದಲ್ಲಿ ಮೇಜಿನ ವಿನ್ಯಾಸಕ್ಕೆ ಒಂದು ಸೂತ್ರವು ದೊರೆಯುತ್ತದೆ: ಕಣ್ಣು ಗಳಿಗೆಗಳಿಗೆಗೂ ಹೋಗಿ ಬರಬೇಕಾದ ಎರಡು ವಸ್ತುಗಳು ಒಂದಕ್ಕೊಂದು ಅತ್ಯಂತ ಸಮೀಪವಾಗಿರತಕ್ಕದ್ದು, ಎಂದೋ ಒಮ್ಮೆ ನೋಡಬೇಕಾದುದು ಪಕ್ಕಕ್ಕಿರತಕ್ಕದ್ದು.

೪. ಎರಡು ತೆರೆಗಳ ಸ್ಥಾನ

ಕರ್ಣದ ಅಳತೆಯಲ್ಲಿ ೨೪ ಅಂಗುಲವೆಂದು ಹೇಳುವ ತೆರೆಯು, ೧೬ಕ್ಕೆ ೯ರ ಪ್ರಮಾಣದ್ದಾದರೆ, ಸುಮಾರು ೫೩ ಸೆಂಟಿಮೀಟರ್ ಅಗಲವೂ ೩೦ ಸೆಂಟಿಮೀಟರ್ ಎತ್ತರವೂ ಇರುವುದು. ಕುಳಿತವನು ಕೈಚಾಚಿದರೆ ಬೆರಳ ತುದಿಯು ತಗಲುವ ದೂರದಲ್ಲಿ, ಎಂದರೆ ಸುಮಾರು ೬೫ ಸೆಂಟಿಮೀಟರ್ ದೂರದಲ್ಲಿ, ತೆರೆಯನ್ನಿಡುವುದು ವಾಡಿಕೆ. ಮೇಲೆ ಹೇಳಿದಂತೆ ಎರಡು ತೆರೆಗಳನ್ನು ಸಮರೇಖೆಯಲ್ಲಿಟ್ಟು, ಅವುಗಳ ನಡುಗೆರೆಯು ಮುಖದ ಎದುರಿಗೆ ಬರುವಂತೆ ಕುಳಿತರೆ, ಒಂದರ ಮಧ್ಯದಿಂದ ಇನ್ನೊಂದರ ಮಧ್ಯಕ್ಕೆ ಕಣ್ಣು ಸುಮಾರು ೪೫ ಡಿಗ್ರಿ ತಿರುಗಬೇಕು. ಕಣ್ಣುಗುಡ್ಡೆಯು ೧೫, ೨೦ ಡಿಗ್ರಿಗಿಂತ ಹೆಚ್ಚು ತಿರುಗಬೇಕಾದಾಗ ಸಾಮಾನ್ಯವಾಗಿ ಕತ್ತೂ ಅದರ ಜೊತೆಗೆ ತಿರುಗುವುದರಿಂದ, ಇಲ್ಲಿ ಪ್ರತಿಯೊಂದು ನೋಟಕ್ಕೂ ಕತ್ತು ದುಡಿಯಬೇಕಾಗುತ್ತದೆ. ದಿನಕ್ಕೆ ಸಾವಿರಾರು ಸಲ ಹೀಗೆ ನಡೆದರೆ ಪರಿಣಾಮವೇನೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಓಲೆಗರಿಯ ಆಕಾರವನ್ನು ನೋಡಿದರೆ ಇದರಿಂದ ಪಾರಾಗುವ ಉಪಾಯವು ಅದರಲ್ಲಿಯೇ ಇರುವುದು ಕಾಣುತ್ತದೆ. ಗರಿಯು ಉದ್ದವಾದುದು, ಅಗಲ ಕಿರಿದಾದುದು. ೪೫ ಸೆಂಟಿಮೀಟರ್ ಉದ್ದ, ೪ ಸೆಂಟಿಮೀಟರ್ ಅಗಲದ ಒಂದು ಗರಿಯ ಚಿತ್ರವನ್ನು ತೆರೆಯ ಪೂರ್ಣ ಅಗಲಕ್ಕೆ ಹರಡಿದರೂ ಅದು ತೆಗೆದುಕೊಳ್ಳುವ ಎತ್ತರವು ೫ ಸೆಂಟಿಮೀಟರಿಗೆ ಮೀರುವುದಿಲ್ಲ. ಅರ್ಧ ಗರಿಯನ್ನು ಹರಡಿದರೆ ಸುಮಾರು ೯ ಅಥವಾ ೧೦ ಸೆಂಟಿಮೀಟರ್ ಆಗುವುದು. ಉಳಿದ ೨೦ ಸೆಂಟಿಮೀಟರ್ ಜಾಗವು ಅದೇ ತೆರೆಯಲ್ಲಿ ಬರವಣಿಗೆಗೆ ದೊರೆಯುತ್ತದೆ. ಹೀಗೆ ಗರಿಯನ್ನು ಮೇಲೆಯೂ ನಕಲನ್ನು ಅದರ ಕೆಳಗೂ ಇಟ್ಟುಕೊಂಡರೆ, ಓದುವ ಸಾಲಿಗೂ ಬರೆಯುವ ಸಾಲಿಗೂ ೧೦ ಸೆಂಟಿಮೀಟರ್ ಅಂತರವಿದ್ದಾಗ ಕಣ್ಣಿನ ಚಲನೆಯು ಸುಮಾರು ೯ ಡಿಗ್ರಿಯಷ್ಟೇ ಆಗುವುದು. ೪೫ ಎಲ್ಲಿ, ೯ ಎಲ್ಲಿ? ದಾರಿಯು ಐದರಲ್ಲಿ ಒಂದು ಪಾಲಿಗೆ ಇಳಿಯಿತು. ಕತ್ತು ತಿರುಗಬೇಕಾದುದೇ ಇಲ್ಲ.

ಹಾಗಾದರೆ ಎರಡನೆಯ ತೆರೆಯಿಂದ ಏನು ಪ್ರಯೋಜನವೆಂಬ ಶಂಕೆಯು ಹುಟ್ಟಬಹುದು. ಅದು ನಿಘಂಟಿಗೆ, ಪಾಠಾಂತರಗಳ ಪಟ್ಟಿಗೆ, ಮತ್ತೊಂದು ಪ್ರತಿಯ ಚಿತ್ರಕ್ಕೆ, ಮೊದಲೇ ಮುದ್ರಿತವಾಗಿದ್ದರೆ ಆ ಆವೃತ್ತಿಯ ಪುಟಕ್ಕೆ ಮೀಸಲಾದುದು. ಮುದ್ರಿತ ಪುಟವನ್ನು ಪಕ್ಕದಲ್ಲಿಡುವುದಕ್ಕೆ ಇನ್ನೊಂದು ಕಾರಣವೂ ಉಂಟು. ಅದು ಕಣ್ಣೆದುರಿಗೇ ಇದ್ದರೆ ಓದುವವನು ಗರಿಯಲ್ಲಿರುವುದನ್ನು ಬಿಟ್ಟು ಅಚ್ಚಿನಲ್ಲಿರುವುದನ್ನೇ ಗರಿಯಲ್ಲಿ ಕಾಣತೊಡಗುತ್ತಾನೆ. ಮೊದಲು ಗರಿಯನ್ನು ಓದಿ ಬರೆದು, ಆಮೇಲೆ ಕತ್ತು ತಿರುಗಿಸಿ ಅಚ್ಚನ್ನು ನೋಡಬೇಕಾದಂತೆ ಇರುವುದೇ ಮೇಲು. ಇಲ್ಲಿ ಮಾತ್ರ ದೂರವು ದೋಷವಲ್ಲ, ಗುಣ.

ಆದುದರಿಂದ ಮೊದಲನೆಯ ತೆರೆಯು ಮುಖಕ್ಕೆ ನೇರವಾಗಿರತಕ್ಕದ್ದು. ಎರಡನೆಯದು ಅದರ ಒಂದು ಪಕ್ಕಕ್ಕೆ ಅಂಚಿಗೆ ಅಂಚು ತಗಲುವಂತೆ, ಮೇಲಂಚುಗಳೆರಡೂ ಒಂದೇ ಎತ್ತರದಲ್ಲಿ ನಿಲ್ಲುವಂತೆ, ಸುಮಾರು ೩೦ ಡಿಗ್ರಿಯಷ್ಟು ಒಳಮುಖವಾಗಿ ತಿರುಗಿರತಕ್ಕದ್ದು. ತಿರುಗಿಸದೆ ಸಮರೇಖೆಯಲ್ಲಿಯೇ ಬಿಟ್ಟರೆ ಅದರ ಹೊರ ಅಂಚು ಕಣ್ಣಿಗೆ ಸುಮಾರು ೧೦೩ ಸೆಂಟಿಮೀಟರ್ ದೂರವಾಗುವುದು. ತಿರುಗಿಸಿದರೆ ೮೨ಕ್ಕೆ ಇಳಿಯುವುದು. ಎಡ ಬಲಗಳ ವಿಚಾರದಲ್ಲಿ ನಿಯಮವಿಲ್ಲ. ಬಲಗೈಯಿಂದ ಬರೆಯುವವನಿಗೆ ಟಿಪ್ಪಣಿಯ ಹಾಳೆಯೂ ಮೌಸೂ ಬಲಕ್ಕಿರುವುದರಿಂದ ತೆರೆಯು ಎಡಕ್ಕಿದ್ದರೆ ಎಡೆ ಹೆಚ್ಚು ದೊರೆಯುವುದು. ಯಂತ್ರಕ್ಕೆ ಯಾವ ತೆರೆಯು ಯಾವ ಪಕ್ಕದಲ್ಲಿದೆಯೆಂಬುದನ್ನು ಅದರ ಏರ್ಪಾಡಿನ ಪುಟದಲ್ಲಿ ತಿಳಿಸಬೇಕು. ಇಲ್ಲವಾದರೆ ಎಡಕ್ಕೆ ಎಳೆದ ಬಾಣವು ಬಲದ ತೆರೆಯಲ್ಲಿ ಮೂಡಿ ದಿಕ್ಕುಗೆಡಿಸುವುದು.

ಶಾಸನದ ಕೆಲಸಕ್ಕೆ ಈ ಕ್ರಮವು ಸ್ವಲ್ಪ ಬದಲಾಗಬೇಕು. ಶಾಸನದ ಕಲ್ಲು ಸಾಮಾನ್ಯವಾಗಿ ಅಗಲಕ್ಕಿಂತ ಎತ್ತರ ಹೆಚ್ಚಾದುದು. ಒದ್ದೆ ಕಾಗದವನ್ನು ಕಲ್ಲಿಗೆ ಒತ್ತಿ ಮಸಿಯಿಂದ ತೆಗೆದ ಅಚ್ಚಾಗಲಿ ನೆರಳುಬೆಳಕಿನ ಛಾಯಾಚಿತ್ರವಾಗಲಿ ಅದೇ ಆಕಾರದ್ದು. ಬೆಂಗಳೂರಿನ ಮಿಥಿಕ್ ಸೊಸೈಟಿಯು ೨೦೨೧ರಿಂದ ಬೆಂಗಳೂರು ಸೀಮೆಯ ಶಾಸನಗಳನ್ನು ಮೂರು ಆಯಾಮಗಳಲ್ಲಿ ಕ್ರಮವೀಕ್ಷಣ ಮಾಡಿಸಿದೆ. ಅಂತಹ ಪ್ರತಿಕೃತಿಯನ್ನು ತೆರೆಯಲ್ಲಿ ತಿರುಗಿಸಿ, ಬೆಳಕನ್ನು ಬೇಕಾದ ಕಡೆಯಿಂದ ಬೀಳಿಸಿ ಓದಬಹುದು. ಇವುಗಳಿಗಾಗಿ ಒಂದು ತೆರೆಯನ್ನು ಅದರ ಕಾಲಿನ ಮೇಲೆ ೯೦ ಡಿಗ್ರಿ ತಿರುಗಿಸಿ ನೆಟ್ಟಗೆ ನಿಲ್ಲಿಸಿದರೆ ೩೦ ಸೆಂಟಿಮೀಟರ್ ಅಗಲ, ೫೩ ಸೆಂಟಿಮೀಟರ್ ಎತ್ತರದ ಜಾಗವು ದೊರೆತು, ಇಡೀ ಕಲ್ಲು ಒಂದೇ ನೋಟಕ್ಕೆ ಸಿಕ್ಕುವುದು. ಇಲ್ಲಿ ಮೂಲ ಮತ್ತು ನಕಲುಗಳು ಬೇರೆ ಬೇರೆ ತೆರೆಗಳಲ್ಲಿಯೇ ಇರಬೇಕಾಗುವುದರಿಂದ, ನಡುಗೆರೆಯನ್ನು ಮುಖದ ಎದುರಿಗೆ ತಂದುಕೊಂಡು, ಬರೆಯುವ ಪುಟವನ್ನು ನಡುಗೆರೆಗೆ ಒತ್ತಿದಂತೆ ಕಿರಿದಾಗಿ ಇಟ್ಟುಕೊಳ್ಳುವುದು ಲೇಸು. ಶಾಸನಕ್ಕೆ ಸಾಲುಗಳ ಸಂಖ್ಯೆಯು ಮೊದಲಿನಿಂದಲೂ ಸಂಪ್ರದಾಯವಾಗಿರುವುದರಿಂದ ಸ್ಥಳ ತಪ್ಪುವ ಭಯವು ಅಷ್ಟಿಲ್ಲ.

೫. ಅಕ್ಷರದ ಗಾತ್ರ ಮತ್ತು ಬಿಂದುಗಳ ಸಂಖ್ಯೆ

ಸಾಧಾರಣ ತೆರೆಯು ಅಡ್ಡಲಾಗಿ ೧೯೨೦, ಉದ್ದಲಾಗಿ ೧೦೮೦ ಬಿಂದುಗಳಿಂದ ಕೂಡಿರುತ್ತದೆ. ೪೫ ಸೆಂಟಿಮೀಟರಿನ ಗರಿಯು ಇದರಲ್ಲಿ ಪೂರ್ತಿಯಾಗಿ ಹರಡಿದಾಗ ಗರಿಯ ಒಂದು ಸೆಂಟಿಮೀಟರಿಗೆ ಸುಮಾರು ೪೩ ಬಿಂದುಗಳು ಬೀಳುವುವು. ೪ ಮಿಲಿಮೀಟರ್ ಎತ್ತರದ ಅಕ್ಷರಕ್ಕೆ ೧೭ ಬಿಂದುಗಳಾದುವು. ದಕಾರಕ್ಕೂ ಧಕಾರಕ್ಕೂ, ಬಕಾರಕ್ಕೂ ಭಕಾರಕ್ಕೂ ಇರುವ ಭೇದವು ಕೆಳಗಣ ಒಂದು ಸೀಳು ಮಾತ್ರ. ಕಂಟದ ಗೀರಿನಲ್ಲಿ ಮಸಿಯು ಅಳಿಸಿಹೋದ ಕಡೆ ೧೭ ಬಿಂದುಗಳಲ್ಲಿ ಆ ಸೀಳನ್ನು ನಿರ್ಣಯಿಸುವುದು ಸಾಹಸವೇ ಸರಿ. ಅರ್ಧ ಗರಿಯನ್ನು ಹರಡಿದರೆ ಬಿಂದುಗಳು ೩೪ ಆಗಿ ಓದು ಸುಗಮವಾಗುತ್ತದೆ. ಆದರೆ ಆಗ ಪ್ರತಿಯೊಂದು ಸಾಲಿನ ನಡುವೆಯೂ ಚಿತ್ರವನ್ನು ಪಕ್ಕಕ್ಕೆ ಸರಿಸಬೇಕಾಗಿ, ಮರಳುವಾಗ ಸಾಲು ತಪ್ಪುವ ಹೊಸದೊಂದು ಅಪಾಯವು ತಲೆದೋರುವುದು. ದಾರ ಪೋಣಿಸುವ ರಂಧ್ರವನ್ನು ಗಡಿಯಾಗಿಟ್ಟುಕೊಂಡು, ಚಿತ್ರದ ಎರಡು ಅಂಚುಗಳಲ್ಲಿಯೂ ಸಾಲುಗಳ ಸಂಖ್ಯೆಯನ್ನು ಮೊದಲೇ ಗುರುತು ಮಾಡಿಕೊಂಡರೆ ಇದು ಪರಿಹಾರವಾಗುತ್ತದೆ.

ಅಡ್ಡಲಾಗಿ ೩೮೪೦ ಬಿಂದುಗಳುಳ್ಳ ತೆರೆಯು ದೊರೆತರೆ ಸರಿಸುವ ಕೆಲಸವೇ ತಪ್ಪುವುದು. ಇಡೀ ಗರಿಯು ಹರಡಿದಾಗಲೂ ಅಕ್ಷರಕ್ಕೆ ೩೪ ಬಿಂದುಗಳು ಸಿಕ್ಕುವುವು. ಎರಡು ತೆರೆಗಳಿಗೂ ಅಷ್ಟು ವೆಚ್ಚ ಮಾಡಲಾರದವನು ಎದುರಿನ ಒಂದನ್ನು ಉತ್ತಮವಾದುದನ್ನಾಗಿ ಕೊಂಡು, ಪಕ್ಕದ್ದು ಹಳೆಯದಾದರೂ ಇರಲೆಂದು ಬಿಡಬಹುದು. ನಿಘಂಟನ್ನು ನೋಡಲು ಹಳೆಯ ತೆರೆ ಸಾಕು.

ಕಣ್ಣು ಹೋಗಬಹುದಾದ ಮೂರನೆಯ ಸ್ಥಳವೊಂದಿದೆ, ಅದು ಕೀಲಿಮಣೆ. ಬೆರಳಿಗೆ ಅಭ್ಯಾಸವಿಲ್ಲದವನು ಅಕ್ಷರಕ್ಕೊಂದು ಸಲ ಕೆಳಗೆ ನೋಡುವುದರಿಂದ, ತೆರೆಗಳನ್ನು ಎಷ್ಟು ಅಂದವಾಗಿ ಜೋಡಿಸಿದರೂ ಮೇಲೆ ಹೇಳಿದ ಲಾಭವೆಲ್ಲ ಸೋರಿಹೋಗುತ್ತದೆ. ಕೆ. ಪಿ. ರಾವ್ ಅವರು ರೂಪಿಸಿದ ವಿನ್ಯಾಸವು ಉಚ್ಚಾರಣೆಯನ್ನು ಅನುಸರಿಸಿದುದಾದುದರಿಂದ ಅದನ್ನು ನೋಡದೆ ಒತ್ತಲು ಕಲಿಯುವುದು ಕಷ್ಟವಲ್ಲ. ಹಳಗನ್ನಡದ ಕೆಲಸಕ್ಕೆ ಕೈಯಿಕ್ಕುವ ಮುನ್ನ ಱ ಮತ್ತು ೞ ಎಂಬ ಎರಡು ಅಕ್ಷರಗಳು ತನ್ನ ಕೀಲಿಮಣೆಯಲ್ಲಿ ಎಲ್ಲಿವೆಯೆಂಬುದನ್ನೂ, ಆಯ್ದ ಅಚ್ಚುಮೊಳೆಯ ವಿನ್ಯಾಸದಲ್ಲಿ ಅವು ಮೂಡುವುವೇ ಎಂಬುದನ್ನೂ ಪರೀಕ್ಷಿಸತಕ್ಕದ್ದು. ೧೯೯೧ರಲ್ಲಿ ಹೊರಬಿದ್ದ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನವು ದೊರೆತಿದ್ದರೂ, ೞ ಅಕ್ಷರಕ್ಕೆ ಅಲ್ಲಿ ಪ್ರಮಾದದಿಂದ 'ಫ' ಎಂಬ ಹೆಸರು ಬಿದ್ದಿತು. ಒಮ್ಮೆ ಇಟ್ಟ ಹೆಸರನ್ನು ಬದಲಿಸಕೂಡದೆಂಬ ಆ ಸಂಸ್ಥೆಯ ನಿಯಮದ ಕಾರಣ ಅದು ಹಾಗೆಯೇ ಉಳಿದು, ಸರಿಯಾದ ಹೆಸರನ್ನು ಉಪನಾಮವಾಗಿ ಸೇರಿಸಲಾಗಿದೆ. ಯಂತ್ರದ ಅಕ್ಷರಪಟ್ಟಿಯಲ್ಲಿ ೞಕಾರವನ್ನು ಹುಡುಕಿ ಕಾಣದೆ ಬೇಸತ್ತವರಿಗೆ ಇದು ಸಮಾಧಾನ ಕೊಡಬಹುದು. ತಾನಾಗಿಯೇ ಕಾಗುಣಿತವನ್ನು ತಿದ್ದುವ ಸೌಲಭ್ಯವನ್ನು ನಿಲ್ಲಿಸಿಬಿಡತಕ್ಕದ್ದು. ಲಿಪಿಕಾರನ ತಪ್ಪು ಸಂಪಾದಕನಿಗೆ ಸಾಕ್ಷ್ಯವೇ ಹೊರತು ಕಸವಲ್ಲ.

೬. ಮೇಜು, ಆಸನ, ಬೆಳಕು

ಸಂಸ್ಕೃತದ ಹಸ್ತಪ್ರತಿಗಳ ಕೊನೆಯಲ್ಲಿ ಲಿಪಿಕಾರರು ತಮ್ಮ ಬೆನ್ನು, ಸೊಂಟ, ಕತ್ತುಗಳು ಮುರಿದುಹೋದುವೆಂದೂ, ಮುಖ ಕೆಳಗೆ ಮಾಡಿ ನೋಟವನ್ನು ಒಂದೇ ಕಡೆ ನೆಟ್ಟು ಕಷ್ಟದಿಂದ ಬರೆದುದನ್ನು ಜೋಪಾನ ಮಾಡಬೇಕೆಂದೂ ಬೇಡಿಕೊಳ್ಳುವುದು ವಿದ್ವಾಂಸರಿಗೆ ಪರಿಚಿತವಾದುದು. ಇದು ಕೇವಲ ಕವಿಸಮಯವಲ್ಲ. ಎಡಗೈಯಲ್ಲಿ ಗರಿಯನ್ನು ಹಿಡಿದು ಬಲಗೈಯ ಕಂಟದಿಂದ ಕೊರೆಯುತ್ತಿದ್ದವನು ದಿನವಿಡೀ ಬಾಗಿಯೇ ಇರಬೇಕಾಗಿತ್ತು. ನೋವು ಹೆಚ್ಚಿದಂತೆ ಲಕ್ಷ್ಯವು ಕುಗ್ಗುವುದು, ಲಕ್ಷ್ಯವು ಕುಗ್ಗಿದಂತೆ ಅಕ್ಷರವು ತಪ್ಪುವುದು. ಆದುದರಿಂದ ಶರೀರದ ಸುಖವನ್ನು ವಿಚಾರಿಸುವುದು ಪಾಠದ ಹಿತವನ್ನು ವಿಚಾರಿಸಿದಂತೆಯೇ.

ಮೇಜಿನ ಎತ್ತರವು ಸಾಮಾನ್ಯವಾಗಿ ೭೨ರಿಂದ ೭೫ ಸೆಂಟಿಮೀಟರ್. ಕೀಲಿಮಣೆಯು ಕುಳಿತವನ ಮೊಣಕೈಯ ಮಟ್ಟಕ್ಕೆ ಬರಬೇಕು. ಮೊಣಕೈಯು ಸುಮಾರು ಲಂಬಕೋನದಲ್ಲಿ ಬಾಗಿರಬೇಕು. ಕುಳ್ಳಗಿರುವವನು ಕುರ್ಚಿಯನ್ನು ಏರಿಸಿಕೊಂಡರೆ ಪಾದಗಳು ತೂಗುವುದರಿಂದ ಕಾಲ ಕೆಳಗೆ ಒಂದು ಮಣೆಯನ್ನು ಇಟ್ಟುಕೊಳ್ಳತಕ್ಕದ್ದು. ಮೇಜಿನ ಒಳಚಾಚು ೬೦ ಸೆಂಟಿಮೀಟರ್ ಮಾತ್ರವಿದ್ದರೆ ತೆರೆಯ ಕಾಲು ಜಾಗವನ್ನು ನುಂಗಿ ತೆರೆಯು ಮುಖಕ್ಕೆ ತೀರ ಹತ್ತಿರವಾಗುವುದು. ೭೫ ಸೆಂಟಿಮೀಟರ್ ಇದ್ದರೆ ಚೆನ್ನು. ೨೪ ಅಂಗುಲದ ಎರಡು ತೆರೆಗಳಿಗೆ ೧೨೦ ಸೆಂಟಿಮೀಟರ್ ಉದ್ದ ಸಾಕಾದರೂ, ವ್ಯಾಸಪೀಠಕ್ಕೂ ಟಿಪ್ಪಣಿಯ ಹಾಳೆಗೂ ಎಡೆಯಿರಬೇಕಾದರೆ ೧೫೦ ಬೇಕು. ತೆರೆಗಳನ್ನು ಕಾಲುಗಳಿಂದ ಬಿಡಿಸಿ ಮೇಜಿನ ಅಂಚಿಗೆ ಬಿಗಿದ ತೋಳುಗಳಿಗೆ ಸಿಕ್ಕಿಸಿದರೆ ಕೆಳಗಣ ಜಾಗವೆಲ್ಲ ಉಳಿಯುವುದು. ತೆರೆಯ ಬೆನ್ನಿನಲ್ಲಿ ೭೫ ಅಥವಾ ೧೦೦ ಮಿಲಿಮೀಟರ್ ಅಂತರದ ನಾಲ್ಕು ತಿರುಪಿನ ರಂಧ್ರಗಳಿವೆಯೇ ಎಂಬುದನ್ನು ಮೊದಲೇ ನೋಡಿಕೊಳ್ಳಬೇಕು.

ತೆರೆಯ ಮೇಲಂಚು ಕಣ್ಣಿನ ಮಟ್ಟಕ್ಕೆ, ಅಥವಾ ಅದಕ್ಕಿಂತ ಸ್ವಲ್ಪ ಕೆಳಗೆ, ಇರಬೇಕೆಂಬುದು ಸಾಮಾನ್ಯ ನಿಯಮ. ಆದರೆ ಮಧ್ಯವಯಸ್ಸನ್ನು ದಾಟಿದ ವಿದ್ವಾಂಸರಲ್ಲಿ ಅನೇಕರು ಎರಡು ಭಾಗದ ಕನ್ನಡಕವನ್ನು ಧರಿಸುವವರು. ಓದುವ ಭಾಗವು ಕನ್ನಡಕದ ಕೆಳಗಡೆ ಇರುವುದರಿಂದ, ಅವರು ನಿಯಮದಂತೆ ಇಟ್ಟ ತೆರೆಯನ್ನು ಗಲ್ಲವೆತ್ತಿ, ಕತ್ತನ್ನು ಹಿಂದಕ್ಕೆ ಮಣಿಸಿ ನೋಡಬೇಕಾಗುವುದು. ಅಂಥವರು ತೆರೆಯನ್ನು ಮೇಜಿಗೆ ತಗಲುವಷ್ಟು ತಗ್ಗಿಸಿ, ಸ್ವಲ್ಪ ಹಿಂದಕ್ಕೆ ವಾಲಿಸಿಕೊಳ್ಳತಕ್ಕದ್ದು. ಇಲ್ಲವೆ ತೆರೆಯ ದೂರಕ್ಕೆಂದೇ ಬೇರೊಂದು ಕನ್ನಡಕವನ್ನು ಮಾಡಿಸಿಕೊಳ್ಳತಕ್ಕದ್ದು.

ಕಿಟಕಿಯು ತೆರೆಯ ಹಿಂದೆಯೂ ಇರಬಾರದು, ಕುಳಿತವನ ಬೆನ್ನಿಗೂ ಇರಬಾರದು. ಹಿಂದಿದ್ದರೆ ಕಣ್ಣು ಕೋರೈಸುವುದು. ಬೆನ್ನಿಗಿದ್ದರೆ ತೆರೆಯಲ್ಲಿ ಪ್ರತಿಬಿಂಬಿಸುವುದು. ಅದು ಪಕ್ಕಕ್ಕಿರಬೇಕು. ಮರಳೂರು ಸುಮಾರು ೧೩ ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ಸೂರ್ಯನು ಉತ್ತರಕ್ಕೇ ವಾಲಿರುತ್ತಾನೆ. ಆದರೂ ನೆತ್ತಿಗೆ ಸಮೀಪವಾಗಿರುವುದರಿಂದ ಆಗಿನ ಬಿಸಿಲು ಉತ್ತರದ ಕಿಟಕಿಯಿಂದ ಒಳಕ್ಕೆ ದೂರ ಬರುವುದಿಲ್ಲ. ತೊಂದರೆ ಕೊಡುವುದು ಮೂಡಲ ಮತ್ತು ಪಡುವಲ ಕಿಟಕಿಗಳ ಓರೆ ಬಿಸಿಲು. ಅವಕ್ಕೆ ಪರದೆ ಬೇಕು. ಎರಡು ತೆರೆಗಳ ಪ್ರಕಾಶವೂ ಸಮವಾಗಿರತಕ್ಕದ್ದು. ಒಂದು ಉರಿದು ಇನ್ನೊಂದು ಮಂಕಾಗಿದ್ದರೆ ಕಣ್ಣು ಪ್ರತಿ ಸಲವೂ ಹೊಂದಿಕೊಳ್ಳಬೇಕಾಗುತ್ತದೆ. ೨೦ ನಿಮಿಷಕ್ಕೊಮ್ಮೆ ೬ ಮೀಟರಿಗೆ ಕಡಮೆಯಲ್ಲದ ದೂರದ ವಸ್ತುವನ್ನು ೨೦ ಸೆಕೆಂಡು ನೋಡಿ ಕಣ್ಣಿಗೆ ವಿಶ್ರಾಂತಿ ಕೊಡಬೇಕೆಂದು ವೈದ್ಯರು ಹೇಳುವರು. ಇದನ್ನು ಪಾಲಿಸುವವನು ಏಳುವ ಮುನ್ನ ತಾನು ನಿಂತ ಅಕ್ಷರವನ್ನು ಚಿತ್ರದ ಮೇಲೆ ಗುರುತು ಮಾಡದೆ ಏಳಬಾರದು.

ಯಂತ್ರದ ಪೆಟ್ಟಿಗೆಯನ್ನು ನೆಲದ ಧೂಳಿನಲ್ಲಿಡದೆ, ಗಾಳಿ ಬರುವ ಹೋಗುವ ಕಂಡಿಗಳು ಗೋಡೆಗೆ ಒತ್ತದಂತೆ, ಒಂದು ಗಿಡ್ಡ ಪೀಠದ ಮೇಲೆ ಇಡತಕ್ಕದ್ದು. ಸಾಧಾರಣ ಯಂತ್ರವೂ ಎರಡು ತೆರೆಗಳೂ ಸೇರಿ ಬರವಣಿಗೆಯ ಕೆಲಸದಲ್ಲಿ ಎಳೆಯುವ ವಿದ್ಯುಚ್ಛಕ್ತಿಯು ಹೆಚ್ಚಿನದಲ್ಲವಾದುದರಿಂದ, ೬೦೦ ವೋಲ್ಟ್-ಆಂಪಿಯರಿನ ಒಂದು ಸಣ್ಣ ವಿದ್ಯುತ್ ಸಂಗ್ರಾಹಕವು ಬರೆದುದನ್ನು ಉಳಿಸಿ ಯಂತ್ರವನ್ನು ಕ್ರಮವಾಗಿ ನಿಲ್ಲಿಸುವಷ್ಟು ಹೊತ್ತು ಕೊಡುತ್ತದೆ. ಬರೆದುದನ್ನು ದಿನದ ಕೊನೆಗೆ ಮತ್ತೆರಡು ಕಡೆ ಇರಿಸುವ ಅಭ್ಯಾಸವು ಇದಕ್ಕಿಂತಲೂ ಮುಖ್ಯವಾದುದು.

೭. ಇಬ್ಬರು ಕುಳಿತು ಒಪ್ಪುನೋಡುವುದು

ಇಷ್ಟು ಎಚ್ಚರಿಕೆಯಿಂದ ನಡೆದರೂ ಒಬ್ಬನೇ ಬರೆದು ಒಬ್ಬನೇ ನೋಡಿದ ಪಾಠವು ನಿರ್ದುಷ್ಟವೆಂದು ಹೇಳಲಾಗದು. ತಾನು ಬರೆದುದರಲ್ಲಿ 'ಇರಬೇಕಾದುದು' ಇದೆಯೆಂದೇ ಕಣ್ಣು ನಂಬುತ್ತದೆ. ಇದಕ್ಕೆ ಹಿಂದಿನಿಂದ ಬಂದ ಉಪಾಯವೆಂದರೆ ಒಬ್ಬನು ಮೂಲವನ್ನು ಗಟ್ಟಿಯಾಗಿ ಓದುವುದು, ಇನ್ನೊಬ್ಬನು ನಕಲನ್ನು ನೋಡುತ್ತ ಹೋಗುವುದು. ಎರಡು ತೆರೆಗಳ ಅತ್ಯುತ್ತಮವಾದ ಉಪಯೋಗವು ಇಲ್ಲಿಯೇ ಇದೆ. ಪಕ್ಕದ ತೆರೆಯನ್ನು ಅದರ ತೋಳಿನ ಮೇಲೆ ಹೊರಕ್ಕೆ ತಿರುಗಿಸಿ, ಮೇಜಿನ ತುದಿಯಲ್ಲಿ ಕುಳಿತ ಎರಡನೆಯವನಿಗೆ ನೇರವಾಗಿಟ್ಟರೆ, ಗರಿಯು ಓದುವವನೆದುರಿಗೂ ನಕಲು ನೋಡುವವನೆದುರಿಗೂ ನಿಲ್ಲುವುದು. ಆಗ ಯಾವ ಕಣ್ಣೂ ತನ್ನ ಸ್ಥಳವನ್ನು ಬಿಟ್ಟು ಅಲುಗಬೇಕಾಗಿಲ್ಲ. ದಾರಿಯನ್ನು ಕಿವಿಯು ನಡೆಯುತ್ತದೆ. ಕಿವಿಗೂ ಅದರದೇ ದೋಷಗಳುಂಟು: ಶ, ಷ, ಸಗಳಲ್ಲಿಯೂ ಅಲ್ಪಪ್ರಾಣ ಮಹಾಪ್ರಾಣಗಳಲ್ಲಿಯೂ ಸಂದೇಹ ಬಂದ ಕಡೆ ಓದುವವನು ಅಕ್ಷರವನ್ನು ಬಿಡಿಸಿ ಹೇಳತಕ್ಕದ್ದು. ವಚನಗಳಾದರೆ ಪ್ರತಿಯೊಂದು ಅಂಕಿತ ಬಂದಾಗಲೂ ಇಬ್ಬರೂ ಸಂಖ್ಯೆಯನ್ನು ಒಟ್ಟಿಗೆ ಹೇಳಿ ಮುಂದೆ ಸಾಗತಕ್ಕದ್ದು. ಹಾರಿಹೋದ ವಚನವೊಂದಿದ್ದರೆ ಅದು ಈ ಎಣಿಕೆಯಲ್ಲಿ ಸಿಕ್ಕಿಬೀಳುವುದು.

ಓಲೆಗರಿಗಳು ವರ್ಷವರ್ಷಕ್ಕೂ ಜೀರ್ಣವಾಗುತ್ತಿವೆ. ಹುಳು ತಿಂದ ಗರಿಯ ಅಕ್ಷರವು ಮರಳುವುದಿಲ್ಲ. ಅವುಗಳಲ್ಲಿ ಎಷ್ಟೋ ಕಟ್ಟುಗಳನ್ನು ಪೂರ್ತಿಯಾಗಿ ಓದುವವನು ಇನ್ನು ಮುಂದೆ ಒಬ್ಬನೇ ಒಬ್ಬನಾಗಿರಬಹುದು; ಅವನ ಕಣ್ಣು ಬಿಟ್ಟುದು ಕನ್ನಡಕ್ಕೆ ಬಿಟ್ಟುಹೋದಂತೆಯೇ. ಅವನು ಗುಬ್ಬಿಯ ಕವಿಯ ಕಾವ್ಯವನ್ನೇ ಓದಲಿ, ಎಡೆಯೂರಿನ ಯತಿಗಳ ವಚನಗಳನ್ನೇ ಓದಲಿ, ಮೂಲವನ್ನೂ ನಕಲನ್ನೂ ಒಂದೇ ತೆರೆಯಲ್ಲಿ ಮೇಲೆ ಕೆಳಗೆ ಇಟ್ಟುಕೊಳ್ಳುವುದಕ್ಕೆ ಕಾಸಿನ ವೆಚ್ಚವೂ ಇಲ್ಲ. ಮೇಜಿನ ಮುಂದೆ ಕುಳಿತ ಮೊದಲ ದಿನ ಹತ್ತು ನಿಮಿಷದ ಏರ್ಪಾಡು ಸಾಕು.